ಗಾಲಿಯ ಗಾಳಿ

ತಂಗಿಯನ್ನು ಹೆರಿಗೆಗೆಂದು ಸಂಡೂರಿನಿಂದ ಚಿತ್ತವಾಡ್ಗಿಯ ನಮ್ಮ ಮನೆಗೆ ಕರೆತರುವ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಂದೊಮ್ಮೆ ಅವಳಿಗೆ ಬಸಿರು ನಿಂತಿರಲಿಲ್ಲ. ‘ಕರ್ಕೊಂಡು ಹೋಗ್ರಿ, ಆದ್ರ ಕುಲುಕಾಟ ಬ್ಯಾಡ’ ಎಂದಿದ್ದರು ಡಾಕ್ಟರಮ್ಮ.

ಜೊತೆಗೆ ಬಂದವರು ಸೋದರಮಾವ, ಜೀವಮಾನವೆಲ್ಲ ಅದಿರಿನ ಲಾರಿ ಓಡಿಸಿದವರು. ಲಾರಿಯವರು ಗಾಲಿಗೆ ರಾಡಿನಿಂದ ಬಡಿದು, ಸದ್ದು ಕೇಳಿ ಗಾಳಿ ಅಳೆಯುತ್ತಾರೆ. ನನ್ನ ಪುಟ್ಟ ಕಾರಿಗೂ ಮಾವ ಅದನ್ನೇ ಮಾಡಿದರು. ಟಣ್ ಅನ್ನುವವರೆಗೆ ಗಾಳಿ ಹೊಡೆಸಿದರು.

‘ಗಾಲಿ ಗಟ್ಟಿ ಇರಬೇಕಲೇ ಅಳಿಯಾ. ಎಣ್ಣಿ ಉಳಿತೈತಿ, ಗಾಡಿ ಹಗೂರ ಓಡ್ತೈತಿ.’

ತಂಗಿಯ ಬೆನ್ನಿಗೆ ದಿಂಬು ಕೊಟ್ಟು ಹೊರಟಾಗ ಜಿಟಿಜಿಟಿ ಮಳೆ. ಜೋರು ಮಳೆಯಾದರೆ ರಸ್ತೆ ತೊಳೆದುಹೋಗುತ್ತದೆ. ಜಿಟಿ ಮಳೆಗೆ ಅದಿರಿನ ಕೆಂಪು ಧೂಳು ಬೆಣ್ಣೆಯಾಗುತ್ತದೆ. ಗುಡ್ಡದ ಮೊದಲ ತಿರುವಿನಲ್ಲೇ ಕಾರು ಜಾರಿತು. ಒಂದೊಂದು ಗುಂಡಿಯೂ ನೆತ್ತಿಗೆ ಬಡಿಯಿತು. ಕನ್ನಡಿಯಲ್ಲಿ ನೋಡಿದರೆ ತಂಗಿ ಹೊಟ್ಟೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ನಿಲ್ಲಿಸಿಬಿಟ್ಟೆ.

‘ಗಾಳಿ ಇಳಸ್ತೀನಿ ಮಾವಾ. ಮೆತ್ತಗಾದ್ರ ಗಾಲಿ ನೆಲ ಹಿಡಿತಾವ, ಕುಲುಕೂದೂ ಕಡಿಮಿ.’

‘ಮೆತ್ತಗಾದ್ರ ಅದಿರಿನ ಕಲ್ಲು ಗಾಲಿ ಪಕ್ಕ ಸೀಳ್ತಾವ. ಬಸುರೀನ್ನ ಇಟ್ಕೊಂಡು ಗುಡ್ಡದಾಗ ನಿಂದರ್ತೀಯೇನು?’

ಇಬ್ಬರ ಮಾತೂ ಖರೆ. ಅದಕ್ಕೇ ಜಗಳ ಹರಿಯಲಿಲ್ಲ. ಕೊನೆಗೆ ಹಿಂದಿನಿಂದ ತಂಗಿ ಬಾಯಿ ಬಿಟ್ಟಳು: ‘ಮಾವಾ, ನಿಮ್ಮ ಲಾರಿಯಾಗ ಅದಿರು ಕುಂತಿರ್ತಿತ್ತು. ಕುಲುಕಿದ್ರ ಏನೂ ಅಂತಿರ್ಲಿಲ್ಲ. ನಾ ಅಂತೀನಿ.’

ಮಾವ ಇಳಿದರು. ತಾವೇ ವಾಲ್ವಿಗೆ ಕಡ್ಡಿ ಒತ್ತಿ ನಾಲ್ಕೂ ಗಾಲಿಗಳ ಗಾಳಿ ಒಂದಿಷ್ಟು ಇಳಿಸಿದರು. ಕೂಡಲೇ ಕಾರು ಹತ್ತಲಿಲ್ಲ. ತಲೆಗೆ ಟವೆಲು ಹೊದ್ದು, ತಿರುವು ಬಂದಲ್ಲೆಲ್ಲ ಮುಂದೆ ಮುಂದೆ ನಡೆಯುತ್ತ ಕಲ್ಲು ಎತ್ತಿ ಪಕ್ಕಕ್ಕೆ ಎಸೆದರು. ಹಿಂದೆ ಲಾರಿಯವನೊಬ್ಬ ಹಾರ್ನು ಹೊಡೆದ.

‘ಏ ಯಜಮಾನಾ, ರಸ್ತಿ ಕಸ ಹೊಡಿಯಾಕ ನಿಂತೀಯೇನು?’

‘ಹೂನಲೇ, ನೀವು ಚೆಲ್ಲಿದ್ದನ್ನ ಆರಸಾಕತ್ತೀನಿ!’

ಗುಡ್ಡ ಇಳಿದ ಮೇಲೆ ಮಾವ ತೊಯ್ದು ತೊಪ್ಪೆಯಾಗಿ ಒಳಗೆ ಬಂದರು. ಮೆತ್ತಗಿನ ಗಾಲಿಗೆ ಸ್ಟೇರಿಂಗು ಭಾರವಾಗಿತ್ತು. ನೇರ ರಸ್ತೆಯಲ್ಲೂ ವೇಗ ಹೆಚ್ಚಿಸಲು ಧೈರ್ಯ ಬರಲಿಲ್ಲ. ತಂಗಿ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಎಲ್ಲಿಯಾದರೂ ಬುಸ್ಸೆಂದೀತೆಂದು ನನ್ನ ಕಿವಿ ಗಾಲಿಯ ಮೇಲೆ, ಕಣ್ಣು ಕನ್ನಡಿಯ ಮೇಲೆ.

ಮನೆ ಮುಂದೆ ನಿಂತಾಗ ಅವಳತ್ತ ತಿರುಗಿ ಕೇಳಲೂ ಹೆದರಿಕೆ. ಮಾವನೇ ಕೇಳಿದರು: ‘ಹೆಂಗೈತವ್ವಾ ಒಳಗ?’

‘ಒದಿಯಾಕತ್ತೈತಿ ಮಾವಾ. ಸಂಡೂರು ಬಿಟ್ಟಾಗಿಂದ ಒಂದೇ ಸಮನ.’