ಐವತ್ತೆರಡು ಹಲ್ಲಿನ ಚಕ್ರ

2003ರಲ್ಲಿ ನಾನು ವಡೋದರಾದಲ್ಲಿ ಸೈಕ್ಲಿಂಗ್ ತರಬೇತುದಾರಳಾಗಿದ್ದೆ. ನಾನು ವಿಜಾಪುರದ ಕಡೆಯವಳು. ನಮ್ಮಲ್ಲಿ ಸೈಕಲ್ ರೇಸ್ ಅಂದರೆ ಊರಿಗೆ ಊರೇ ರಸ್ತೆಗೆ ಬಂದು ನಿಲ್ಲುತ್ತದೆ. ಗುಜರಾತಿನಲ್ಲಿ ಹಾಗಿರಲಿಲ್ಲ. ನನ್ನ ಹುಡುಗಿಯರು ಬೆಳಿಗ್ಗೆ ಹೆದ್ದಾರಿಗಿಳಿದರೆ ಲಾರಿ ಚಾಲಕರು ತಲೆ ಹೊರಹಾಕಿ ನೋಡುತ್ತಿದ್ದರು. ರೇಸ್ ಸೈಕಲ್ಲಿನ ಬಿಡಿಭಾಗಗಳ ಮಾತಂತೂ ಕೇಳುವುದೇ ಬೇಡ.

ವಾರಕ್ಕೊಮ್ಮೆ ಅಹಮದಾಬಾದಿನ ಚಾಂದ್‌ಖೇಡಾದಿಂದ ತರಬೇತಿಗೆ ಬರುತ್ತಿದ್ದವಳು ಮೇಘಾ. ಇಪ್ಪತ್ತೆರಡರ ವಯಸ್ಸು. ತಂದೆ ಹಿರೇಮಠರು ಧಾರವಾಡದವರು, ತೈಲ ಕಂಪನಿಯ ನೌಕರಿಯಲ್ಲಿ ವರ್ಗವಾಗಿ ಬಂದು ಅಲ್ಲೇ ನೆಲೆಸಿದ್ದರು. ಗುಜರಾತಿನಲ್ಲೇ ಬೆಳೆದ ಮೇಘಾಳ ಕನ್ನಡದಲ್ಲಿ ಅರ್ಧ ಹಿಂದಿ ಇರುತ್ತಿತ್ತು. ಯಾರೋ ಬಳಸಿ ಬಿಟ್ಟ ಇಟಲಿಯ ರೋಡ್ ಬೈಕೊಂದನ್ನು ತಂದೆ ಮುಂಬೈಯಿಂದ ತರಿಸಿಕೊಟ್ಟಿದ್ದರು.

ಆ ಚಳಿಗಾಲದಲ್ಲಿ ರಾಷ್ಟ್ರೀಯ ಸ್ಪರ್ಧೆಗೆ ರಾಜ್ಯದ ಆಯ್ಕೆ ನಡೆಯುವುದಿತ್ತು. ಟೈಮ್ ಟ್ರಯಲ್ ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಪಂದ್ಯ. ಅದರಲ್ಲಿ ಮಹಿಳೆಯರಿಗೆ ಇದ್ದದ್ದು ಒಂದೇ ಸ್ಥಾನ. ಹಿಂದಿನ ವರ್ಷ ಮೇಘಾ ನಡುದಾರಿಯಲ್ಲಿ ಚೈನ್ ಜಾರಿ ಸೋತಿದ್ದಳು. ಈ ಸಲ ಹೊಸ ಚೈನ್ ಹಾಕಿದೆವು, ಜಾರುವುದು ಇನ್ನೂ ಹೆಚ್ಚಾಯಿತು. ಕಾರಣ ಚೈನ್‌ರಿಂಗ್. ಪೆಡಲ್ಲಿನ ಕ್ರ್ಯಾಂಕಿಗೆ ಬೋಲ್ಟ್ ಮಾಡಿರುವ ಹಲ್ಲಿನ ಚಕ್ರಕ್ಕೆ ಆ ಹೆಸರು. ಅದರ ಐವತ್ತೆರಡು ಹಲ್ಲುಗಳೂ ಸವೆದು ಮೀನಿನ ಕೊಕ್ಕೆಯ ಹಾಗೆ ಬಾಗಿದ್ದವು. ಹಳೆಯ ಚೈನು ಅವುಗಳ ಜೊತೆಗೇ ಸವೆದು ಹೇಗೋ ಹೊಂದಿಕೊಂಡಿತ್ತು, ಹೊಸದು ಹೊಂದಲಿಲ್ಲ.

ಮುಂಬೈಯ ವ್ಯಾಪಾರಿಗೆ ಫೋನ್ ಮಾಡಿದೆ. ರಿಂಗ್ ಒಂದನ್ನೇ ಕೊಡುವುದಿಲ್ಲ, ಪೂರ್ತಿ ಕ್ರ್ಯಾಂಕ್‌ಸೆಟ್ ಕೊಳ್ಳಬೇಕು ಎಂದ. ಬೆಲೆ ಕೇಳಿ ಹಿರೇಮಠರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂನೋರ, ಇಷ್ಟು ರೊಕ್ಕದಾಗ ಒಂದು ಹಳೇ ಸ್ಕೂಟರ್ ಬರ್ತದಲ್ರೀ. ಇನ್ನ ನನ್ನ ಕಡೆ ಆಗೂದಿಲ್ಲ, ತಪ್ಪು ತಿಳೀಬ್ಯಾಡ್ರಿ."

ತಪ್ಪು ತಿಳಿಯುವಂಥದ್ದು ಏನೂ ಇರಲಿಲ್ಲ. ಮುಂದಿನ ಭಾನುವಾರ ಮೇಘಾಳೂ ನಾನೂ ಅಹಮದಾಬಾದಿನ ನದಿದಂಡೆಯ ಗುಜರಿ ಸಂತೆ ಸುತ್ತಿದೆವು. ಹಳೆಯ ಫ್ಯಾನು, ಹೊಲಿಗೆ ಯಂತ್ರಗಳ ರಾಶಿಯ ನಡುವೆ ಒಂದು ಅಲ್ಯೂಮಿನಿಯಂ ರಿಂಗ್ ಸಿಕ್ಕೇಬಿಟ್ಟಿತು. ಹಲ್ಲುಗಳೂ ಚೆನ್ನಾಗಿದ್ದವು. ಮೇಘಾ ಅದನ್ನು ಎದೆಗವಚಿಕೊಂಡು ಮನೆಗೆ ತಂದಳು. ಕ್ರ್ಯಾಂಕಿಗೆ ಹಿಡಿದು ನೋಡಿದರೆ ಬೋಲ್ಟಿನ ತೂತುಗಳು ಕೂಡಲಿಲ್ಲ. ಅವಳ ಕ್ರ್ಯಾಂಕಿನಲ್ಲಿ ಐದು ತೂತುಗಳು ನಿಂತಿದ್ದ ವೃತ್ತದ ವ್ಯಾಸ 130 ಮಿಲಿಮೀಟರ್, ಈ ರಿಂಗಿನದು 144. ಸಂತೆಯಲ್ಲೇ ಅಳೆದು ನೋಡಬೇಕಿತ್ತು. ಖುಷಿಯಲ್ಲಿ ಇಬ್ಬರಿಗೂ ಅದು ಹೊಳೆದಿರಲಿಲ್ಲ.

ಹೊಸದಾಗಿ ಮಾಡಿಸಿದರೆ ಹೇಗೆ ಎಂಬ ಯೋಚನೆ ಬಂದದ್ದು ಆಮೇಲೆ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ಜವಳಿ ಯಂತ್ರಗಳ ಬಿಡಿಭಾಗ ತಯಾರಿಸುವ ವಿನುಭಾಯಿ ಎಂಬ ಎಂಜಿನಿಯರ್ ಇದ್ದರು. ಅವರ ವರ್ಕ್‌ಶಾಪಿನಲ್ಲಿ ವೈರ್‌ಕಟ್ ಯಂತ್ರವಿತ್ತು. ಕೂದಲಿನಂಥ ತಂತಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ ಲೋಹವನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಯಂತ್ರ ಅದು. ರೈಲು ಹಿಡಿದು ಹೋದೆವು. ಅವರು ಸವೆದ ರಿಂಗನ್ನು ತಿರುವಿ ತಿರುವಿ ನೋಡಿದರು.

"ಶಾಂತಾಬೆನ್, ಏಕ್ ನಂಗ್ ಬಹುತ್ ಮೆಹಂಗಾ ಪಡೇಗಾ," ಎಂದು ನನಗೆ ಹೇಳಿದರು. ಒಂದೇ ಒಂದಾದರೆ ದುಬಾರಿ ಬೀಳುತ್ತದೆ. ಆರು ಲೋಹದ ಹಾಳೆಗಳನ್ನು ಒಂದರ ಮೇಲೊಂದು ಬಿಗಿದರೆ ಯಂತ್ರ ಆರನ್ನೂ ಒಟ್ಟಿಗೆ ಕತ್ತರಿಸುತ್ತದೆ, ಖರ್ಚು ಆರು ಪಾಲಾಗುತ್ತದೆ ಎಂದು ವಿವರಿಸಿದರು. ಬೋಲ್ಟಿನ ತೂತುಗಳನ್ನು ಆಮೇಲೆ ಅವರವರ ಕ್ರ್ಯಾಂಕಿಗೆ ತಕ್ಕಂತೆ ಕೊರೆಯಬಹುದಿತ್ತು.

ಆರು ಜನ ಎಲ್ಲಿಂದ ಬರಬೇಕು? ಇಡೀ ರಾಜ್ಯದಲ್ಲಿ ಅಂಥ ಸೈಕಲ್ ಓಡಿಸುತ್ತಿದ್ದ ಹುಡುಗಿಯರು ಬೆರಳೆಣಿಕೆಯಷ್ಟು. ನನಗೆ ಗೊತ್ತಿದ್ದಂತೆ ಮೇಘಾಳಲ್ಲದೆ ನಾಲ್ವರು ಒಪ್ಪುವಂತಿದ್ದರು. ಆರನೆಯವಳಾಗಿ ಉಳಿದವಳು ಬೇರೆ ತಂಡದ ಹೇತಲ್, ಸೂರತ್ತಿನವಳು. ಮೇಘಾಳಿಗೆ ನಿಜವಾದ ಎದುರಾಳಿ ಅವಳೊಬ್ಬಳೇ. ಅವಳ ಚೈನೂ ಜಾರುತ್ತಿತ್ತು. ಅಭ್ಯಾಸದಲ್ಲಿ ಅವಳು ಏರಿನಲ್ಲಿ ಪೆಡಲ್ ಒತ್ತಲು ಹೆದರುವುದನ್ನು ನಾನೇ ಕಂಡಿದ್ದೆ.

ಮರಳುವಾಗ ಪ್ಯಾಸೆಂಜರ್ ರೈಲಿನಲ್ಲಿ ಮೇಘಾಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹೇತಲ್‌ನ ಕೂಡಿಸಿಕೊಂಡ್ರ ನಿನಗ ಖರ್ಚು ಹಗುರ ಆಗ್ತದ. ಆದ್ರ ಆಕಿಗೂ ಹೊಸಾ ಹಲ್ಲು ಸಿಗ್ತಾವ. ವಿಚಾರ ಮಾಡಿ ಹೇಳು."

ಎದುರಾಳಿಯ ಹಲ್ಲನ್ನು ನಾವೇ ಮಸೆದು ಕೊಟ್ಟಂತಾಗುವುದಿಲ್ಲವೇ ಎಂಬ ಅಳುಕು ನನಗೇ ಇತ್ತು. ಮೇಘಾ ಕಿಟಕಿಗೆ ಹಣೆಯಿಟ್ಟು ಕೂತಳು. ರೈಲು ನರ್ಮದೆಯ ಸೇತುವೆ ದಾಟಿ ಭರೂಚ್ ಸೇರಿತು. ಅಲ್ಲಿ ಶೇಂಗಾ ಮಾರುವವನನ್ನು ಕರೆದು, ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದಳು.

"ಅವಳಿಗೆ ಫೋನ್ ನಾನೇ ಮಾಡ್ತೀನಿ ಮ್ಯಾಡಮ್. ಪಪ್ಪಾಗೆ ಮತ್ತೆ ಕೇಳೋಕೆ ನನಗೆ ಶರಂ ಆಗತ್ತೆ. ಔರ್... ಅವಳ ಚೈನ್ ಬಿದ್ದು ನಾನು ಗೆದ್ರೆ ಎಲ್ಲರೂ ಅದನ್ನೇ ಹೇಳ್ತಾರಲ್ಲ."

ಫೋನಿನಲ್ಲಿ ಹೇತಲ್ ಮೊದಲು ನಂಬಲಿಲ್ಲವಂತೆ. ನಂಬಿದ ಮೇಲೆ, ತಾನು ಊರಲ್ಲೇ ಇರುವುದರಿಂದ ವರ್ಕ್‌ಶಾಪಿನ ಓಡಾಟವನ್ನೆಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದಳು. ಹಾಗೇ ನಡೆದುಕೊಂಡಳು ಕೂಡ.

ಮೊದಲ ರಿಂಗ್ ಕೆಲಸಕ್ಕೆ ಬರಲಿಲ್ಲ. ಸ್ಟ್ಯಾಂಡಿನ ಮೇಲೆ ಸೈಕಲ್ ಏರಿಸಿ ಪೆಡಲ್ ತಿರುಗಿಸಿದರೆ ಚೈನು ಹಲ್ಲು ಬಿಡದೆ ಕಚ್ಚಿಕೊಂಡಿತು. ಹಲ್ಲುಗಳ ಅಂಚು ಚೌಕವಾಗಿ ಉಳಿದಿತ್ತು. ರೇಸ್ ಚೈನಿಗೆ ಹಲ್ಲಿನ ಬಳಿ ದಪ್ಪ ಎರಡು ಮಿಲಿಮೀಟರ್ ಆಸುಪಾಸು ಇರಬೇಕು, ತುದಿ ಇನ್ನೂ ತೆಳುವಾಗಬೇಕು. ವಿನುಭಾಯಿ ಬೇಸರಿಸದೆ ಆರನ್ನೂ ಲೇತ್‌ಗೆ ಕಟ್ಟಿ ಅಂಚು ಇಳಿಸಿದರು. ಎರಡನೆಯ ಸಲ ಚೈನು ಸದ್ದಿಲ್ಲದೆ ಹರಿಯಿತು. ಹೇತಲ್ ಪೆಡಲ್ ತಿರುಗಿಸುತ್ತಲೇ ಇದ್ದಳು, ಮೇಘಾ ಬಗ್ಗಿ ಕಿವಿಗೊಟ್ಟು ಕೇಳುತ್ತಿದ್ದಳು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನನ್ನ ಅಳುಕು ಕಡಿಮೆಯಾದದ್ದು ಆಗ.

ಆಯ್ಕೆ ನಡೆದದ್ದು ವಡೋದರಾದ ಹೊರಗೆ, ಹಾಲೋಲ್ ಕಡೆಯ ರಸ್ತೆಯಲ್ಲಿ. ಮಂಜು ಕರಗುವ ಹೊತ್ತಿಗೆ ಮೇಘಾ ಹೊರಟಳು. ಅವಳು ಅಷ್ಟು ಧೈರ್ಯವಾಗಿ ಪೆಡಲ್ ಒತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಿಂದೆಂದಿಗಿಂತ ಕಡಿಮೆ ಸಮಯದಲ್ಲಿ ಗುರಿ ಮುಟ್ಟಿದಳು. ಕೊನೆಗೆ ಹೊರಟ ಹೇತಲ್ ಅದಕ್ಕಿಂತ ಒಂಬತ್ತು ಸೆಕೆಂಡ್ ಬೇಗ ಬಂದಳು.

ಹಿರೇಮಠರು ತಲೆ ತಗ್ಗಿಸಿ ಸೈಕಲ್ಲನ್ನು ಜೀಪಿಗೆ ಏರಿಸಲು ಹೋದರು. ನಾನು ಮೇಘಾಳ ಬಳಿ ಹೋದೆ. ಅವಳು ರಸ್ತೆಯಂಚಿನಲ್ಲಿ ಕೂತು ಕಾಲು ಹಿಸುಕಿಕೊಳ್ಳುತ್ತಿದ್ದಳು. ಕಣ್ಣುಗಳು ಕೆಂಪಾಗಿದ್ದವು.

"ಭಾಳ ಕೆಟ್ಟ ಅನಸ್ತದೇನವ್ವ?" ಅಂದೆ.

"ಅನ್ನಿಸ್ತಿದೆ ಮ್ಯಾಡಮ್." ಮುಖ ಒರೆಸಿಕೊಂಡಳು. "ಲೇಕಿನ್ ಹಿಂದಿನ ಸಲ ಚೈನ್ ಸೋತಿತ್ತು, ನಾನು ಎಷ್ಟು ಫಾಸ್ಟ್ ಅಂತ ಗೊತ್ತೇ ಆಗಲಿಲ್ಲ. ಈ ಸಲ ಗೊತ್ತಾಯ್ತು. ಒಂಬತ್ತು ಸೆಕೆಂಡ್. ಅದು ನನ್ನ ಕಾಲಲ್ಲೇ ಇದೆ, ಅಲ್ವಾ?"

ಇದೆ ಎಂದೆ.

ಅದುವರೆಗೆ ನನ್ನ ಕೆಲಸವೆಂದರೆ ನನ್ನ ಹುಡುಗಿಯರನ್ನು ಗೆಲ್ಲಿಸುವುದು ಎಂದುಕೊಂಡಿದ್ದೆ. ಸೋಲಾಗಲಿ ಗೆಲುವಾಗಲಿ ಅದು ಅವರದ್ದೇ ಆಗುವಂತೆ ನೋಡಿಕೊಳ್ಳುವುದು ಅದಕ್ಕೂ ಮೊದಲಿನ ಕೆಲಸ ಎಂದು ಆ ಬೆಳಿಗ್ಗೆ ತಿಳಿಯಿತು. ಆಮೇಲೆ ಎಷ್ಟೋ ವರ್ಷ, ಯಾರ ಸೈಕಲ್ ಕೆಟ್ಟರೂ ಅದು ಯಾವ ತಂಡದ್ದೆಂದು ಕೇಳುವ ಮೊದಲು ಸ್ಪ್ಯಾನರ್ ಕೈಗೆತ್ತಿಕೊಂಡಿದ್ದೇನೆ.