ಸಲೀಂ ಭಾಯ್ ಸಿಂಥ್‌ಗೆ ನನ್ನ ಅಣಕ

ತಪ್ಪು ನನ್ನದೇ. ಮೈಕ್ ಆನ್ ಇರುವಾಗ ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದು ಆರ್ಕೆಸ್ಟ್ರಾದಲ್ಲಿ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವ ನನಗಾದರೂ ಗೊತ್ತಿರಬೇಕಿತ್ತು.

ಹೊಸ ತಿಪ್ಪಸಂದ್ರದ ಪುಟ್ಟ ಸ್ಟುಡಿಯೋದಲ್ಲಿ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕ, ಶಿವಾಜಿನಗರದ ಸಲೀಂ ಭಾಯ್, ತಮ್ಮ ಜಾಝ್ ಫ್ಯೂಷನ್ ಆಲ್ಬಮ್ಮಿನ ಕೊನೆಯ ಟ್ರ್ಯಾಕ್ ನುಡಿಸುತ್ತಿದ್ದರು. ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಬೇರೆಯವರ ಹಾಡು ಬಾರಿಸಿದ ಮೇಲೆ ಇದು ಅವರ ಮೊದಲ ಸ್ವಂತ ಆಲ್ಬಮ್. ಡ್ರಮ್ಮರ್ ಸಂಜೆಯೇ ಚೆನ್ನೈ ರೈಲು ಹತ್ತಬೇಕಿತ್ತು. ಸಿಂಥಸೈಜರ್‌ನಲ್ಲಿ ಭಾಯ್ ಒಂದು ಸ್ವರವನ್ನು ಎಳೆದು, ಬಗ್ಗಿಸಿ, ಜಾರಿಸಿದರು. ಸುಮ್ಮನೆ ಕೇಳಲು ಬಂದು ಡ್ರಮ್ ಪಕ್ಕ ಕೂತಿದ್ದ ನನಗೆ ತಡೆಯಲಾಗಲಿಲ್ಲ. ಹಸಿದ ಬೆಕ್ಕಿನ ಹಾಗೆ "ಕುಂಯ್ಯ್ಯೋಂ" ಎಂದು ಅದನ್ನೇ ಬಾಯಲ್ಲಿ ಎಳೆದುಬಿಟ್ಟೆ.

ಎಲ್ಲವೂ ನಿಂತಿತು. "ಎಷ್ಟು ಚೆನ್ನಾಗಿ ಬರ್ತಿತ್ತು, ಹಾಳ್ ಮಾಡ್ಬಿಟ್ಯಲ್ಲೋ!" ಎಂದು ಡ್ರಮ್ಮರ್ ಕೋಲು ಎತ್ತಿದ. "ಸಾರಿ ಭಾಯ್, ಅಳಿಸ್ಬಿಡಿ" ಎನ್ನುತ್ತಾ ನಾನು ಬಾಗಿಲ ಕಡೆ ಸರಿದೆ.

ಭಾಯ್ ಹೆಡ್‌ಫೋನ್ ಹಾಕಿಕೊಂಡು ಆ ಭಾಗವನ್ನು ಎರಡು ಸಲ ಕೇಳಿದರು. ಆಮೇಲೆ ನನ್ನ ಕಾಲರ್ ಹಿಡಿದು ತಂದು ಮೈಕ್ ಮುಂದೆ ನಿಲ್ಲಿಸಿದರು.

"ಯಾಕೋ ಅಳಿಸ್ಬೇಕು? ಟ್ರ್ಯಾಕಲ್ಲಿ ಇದೇ ಕಮ್ಮಿ ಇತ್ತು. ಶ್ರುತಿ ಒಂಚೂರು ಇಳೀತು ಅಷ್ಟೆ, ಇನ್ನೊಂದ್ಸಲ ಹಾಡು."