ಜೀರಾ ಉಪವಾಸ ಕುಳಿತ ದಿನ

ಮನೆಯೊಳಗೆ ನಡೆಯುವಾಗ ವನಮಾಲಕ್ಕ ಕಾಲು ಎತ್ತುವುದನ್ನು ಬಿಟ್ಟು ಆ ಸೋಮವಾರಕ್ಕೆ ಇಪ್ಪತ್ತೆಂಟು ದಿನವಾಗಿತ್ತು. ಎತ್ತಿದ ಕಾಲನ್ನು ಎಲ್ಲಾದರೂ ಇಡಬೇಕಲ್ಲ, ಇಡುವ ಜಾಗದಲ್ಲಿ ಜೀರಾ ಇದ್ದರೆ? ಹಾಗಾಗಿ ಪಾದ ಎಳೆಯುತ್ತಲೇ ಅಡುಗೆಮನೆಗೆ, ಎಳೆಯುತ್ತಲೇ ಬಾಲ್ಕನಿಗೆ.

ಜೀರಾ ಎಂದರೆ ಮೂರು ತಿಂಗಳ ನಾಯಿಮರಿ. ಚಿವಾವಾ ಎಂಬ ಜಾತಿ. ಬಣ್ಣ ಹುರಿದ ಜೀರಿಗೆಯದು, ತೂಕ ಏಳುನೂರು ಗ್ರಾಂ. ಪೂರ್ತಿ ಬೆಳೆದರೂ ಎರಡು ಕಿಲೋದ ಒಳಗೇ ಅಂತೆ. ಮಗಳು ಅಕ್ಷಯಾ ಆಫೀಸಿನ ಗೆಳತಿಯ ಮನೆಯಿಂದ ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು ತಂದಿದ್ದಳು. ಚೀಲದೊಳಗೆ ಮಿಸುಕಾಡಿದ್ದನ್ನು ಕಂಡು ವನಮಾಲಕ್ಕ ಮೊದಲು ಇಲಿ ಎಂದುಕೊಂಡು ಪೊರಕೆ ಹಿಡಿದಿದ್ದರು.

ಆಮೇಲೆ ಶುರುವಾಯಿತು ಹೆದರಿಕೆ. ಮರಿಯ ನೆತ್ತಿ ಮುಟ್ಟಿದರೆ ಎಳೆಗೂಸಿನದರ ಹಾಗೆ ನಡುವೆ ಮೆತ್ತಗೆ, ಒಳಗೆ ಮೂಳೆ ಇನ್ನೂ ಕೂಡಿಲ್ಲ. ಸೋಫಾದಿಂದ ಹಾರಿದರೆ ಕಾಲು ಮುರಿಯುತ್ತದೆ. ಬಾಲ್ಕನಿಗೆ ಬಿಟ್ಟರೆ ಎದುರಿನ ನೀರಿನ ಟ್ಯಾಂಕಿನ ಮೇಲೆ ಹದ್ದು ಕೂತಿರುತ್ತದೆ. ಅವರ ಬಿಲ್ಡಿಂಗ್ ಇರುವುದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡು. ಕಂಪನಿಗಳ ಕಡೆಯಿಂದ ಘಾಟು ಬಂದ ದಿನ ವನಮಾಲಕ್ಕ ಕಿಟಕಿಗಳನ್ನೆಲ್ಲ ಮುಚ್ಚಿ, ಮರಿಯನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಗಾಳಿ ಬೀಸುತ್ತ ಕೂರುತ್ತಿದ್ದರು. ಅದು ನಿದ್ದೆ ಹೋದರೆ ಎದೆಯ ಮೇಲೆ ಒಂದು ಬೆರಳಿಟ್ಟು ಉಸಿರು ನೋಡುವುದು. ಎಚ್ಚರವಾದರೆ ಎಲ್ಲಿ ಹೋಯಿತೆಂದು ಹುಡುಕುವುದು.

ಎಪ್ಪತ್ತೊಂದು ವರ್ಷದ ಹೆಂಗಸು. ಉಡುಪಿಯಿಂದ ಮದುವೆಯಾಗಿ ಬಂದವರು. ಗಂಡ ಮುರಾರಿರಾಯರು ಶಹಾಡ್ ಸ್ಟೇಷನ್ ಹತ್ತಿರ ಇಡ್ಲಿ-ಸಾಂಬಾರಿನ ಹೋಟೆಲು ನಡೆಸಿ, ಆರು ವರ್ಷದ ಹಿಂದೆ ತೀರಿಕೊಂಡರು. ಆಮೇಲೆ ಮನೆಯಲ್ಲಿ ತಾಯಿ, ಮಗಳು, ಇಬ್ಬರೇ. ಅಕ್ಷಯಾ ಮೂವತ್ತೆಂಟರವಳು, ಕೋಪರಖೈರಣೆಯಲ್ಲಿ ಕೆಲಸ. ಬೆಳಿಗ್ಗೆ ಆರೂವರೆಗೆ ಹೊರಟರೆ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಹೋಗಿ ಬರುವಾಗ ರಾತ್ರಿ ಎಂಟು. ಅಪ್ಪ ಹೋದ ಮೇಲೆ ಮನೆಯಲ್ಲಿ ಅವಳು ಮೊದಲ ಸಲ ಬಾಯಿ ತುಂಬ ನಕ್ಕದ್ದು ಈ ಮರಿ ತನ್ನ ಬಾಲ ಕಂಡು ತಾನೇ ಹೆದರಿ ಓಡಿದಾಗ. ಅದನ್ನು ವನಮಾಲಕ್ಕ ನೋಡಿದ್ದರು. ಅದಕ್ಕೇ ನಾಯಿ ಬೇಡ ಎನ್ನಲಿಲ್ಲ.

ವನಮಾಲಕ್ಕನಿಗೆ ಅಕ್ಷರ ಕೂಡಿಸಿ ಓದುವಷ್ಟೇ ಬರುವುದು. ಮಗಳಿಗೆ ಕನ್ನಡ ಬರೆಯಲು ಬಾರದು. ಆದ್ದರಿಂದ ಅಕ್ಷಯಾ ಒಂದು ಕಾಗದದಲ್ಲಿ ನಾಲ್ಕು ಗಡಿಯಾರ ಬಿಡಿಸಿ ಫ್ರಿಜ್ಜಿಗೆ ಅಂಟಿಸಿದ್ದಳು: ಏಳು, ಹನ್ನೊಂದು, ಮೂರು, ಏಳು. ಕೆಳಗೆ ಒಂದು ಜೇನಿನ ಬಾಟಲಿ, ಪಕ್ಕದಲ್ಲಿ ಬಾಯಿ ತೆರೆದ ನಾಯಿ.

"ಇದರ ಹೊಟ್ಟೆ ಖಾಲಿ ಬಿಡ್ಲೇಬಾರದು ಅಮ್ಮ. ಡಾಕ್ಟರ್ ಹೇಳಿದ್ದಾರೆ, ಇಷ್ಟು ಸಣ್ಣದಕ್ಕೆ ಶುಗರ್ ಇಳಿದ್ರೆ ಸೀದಾ ಖತಂ. ಇಳಿದ ಹಾಗೆ ಕಂಡ್ರೆ ವಸಡಿಗೆ ಜೇನು ಹಚ್ಚು."

"ನಿನ್ನನ್ನು ಸಾಕಿದವಳು ನಾನು. ಇದೆಂತ ಮಹಾ" ಎಂದಿದ್ದರು ವನಮಾಲಕ್ಕ. ಬಾಯಲ್ಲಿ ಅಷ್ಟೇ. ಮಗಳು ಅತ್ತ ಹೋದ ಮೇಲೆ ಕಾಗದದ ಮುಂದೆ ನಿಂತು ನಾಲ್ಕೂ ಗಡಿಯಾರಗಳನ್ನು ಬೆರಳಿಟ್ಟು ಎಣಿಸಿದ್ದರು.

ಮರಿಗೆ ಒಂದು ಅಭ್ಯಾಸ. ಹೋಟೆಲಿನ ಹಳೆಯ ಚಟ್ನಿ ಬಟ್ಟಲಲ್ಲಿ ಅದರ ಅಂಗಡಿ ತಿಂಡಿಯ ಕಾಳು ನೆನೆಸಿಟ್ಟರೆ ತಾನಾಗಿ ತಿನ್ನುತ್ತಿರಲಿಲ್ಲ. ವನಮಾಲಕ್ಕ ತಟ್ಟೆ ಇಟ್ಟುಕೊಂಡು ಕೂತು ಮೊದಲ ತುತ್ತು ಬಾಯಿಗಿಡಬೇಕು, ಆಮೇಲೆ ಅದು ತಲೆ ಬಗ್ಗಿಸುವುದು. ಗಂಡ ಹೋಟೆಲಿನಿಂದ ಬಂದು ಉಣ್ಣದೆ ತಾನೂ ಉಣ್ಣದೆ ಕಾದವರು ವನಮಾಲಕ್ಕ. ಇದನ್ನು ಕಂಡು ಅವರಿಗೆ ವಿಶೇಷವೇನೂ ಅನಿಸಲಿಲ್ಲ. ನಾಲ್ಕು ಗಡಿಯಾರಕ್ಕೆ ನಾಲ್ಕು ಸಲ ತಾನೂ ಏನಾದರೊಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಆ ಸೋಮವಾರ ಏಕಾದಶಿ. ಮರಿ ಬಂದ ಮೇಲಿನ ಮೊದಲ ಏಕಾದಶಿ ಭಾನುವಾರ ಬಿದ್ದದ್ದರಿಂದ ಅಕ್ಷಯಾ ಮನೆಯಲ್ಲಿದ್ದಳು, ಅವಳೇ ತಿಂದು ಅವಳೇ ತಿನ್ನಿಸಿದ್ದಳು. ಇದು ಎರಡನೆಯದು. ಏಕಾದಶಿ ಎಂದರೆ ವನಮಾಲಕ್ಕ ನೀರನ್ನೂ ಮುಟ್ಟುವವರಲ್ಲ. ಮದುವೆಯಾದಾಗಿನಿಂದ ಹಾಗೆಯೇ, ಹೆರಿಗೆಯ ದಿನಗಳನ್ನು ಬಿಟ್ಟು ಒಂದೂ ತಪ್ಪಿಲ್ಲ.

ಏಳಕ್ಕೆ ಬಟ್ಟಲು ಇಟ್ಟರು. ಜೀರಾ ಮೂಸಿತು, ಅವರ ಮುಖ ನೋಡಿತು, ಹಿಂಗಾಲ ಮೇಲೆ ಕೂತಿತು. ಹಸಿವಿಲ್ಲವೇನೋ ಎಂದುಕೊಂಡರು. ಹನ್ನೊಂದಕ್ಕೆ ಹೊಸದು ನೆನೆಸಿಟ್ಟರೂ ಅದೇ. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಪದ್ಮಾವತಿಬಾಯಿ ಸಹಸ್ರನಾಮಕ್ಕೆ ಬಂದರು. ಧಾರವಾಡದ ಕಡೆಯವರು, ಅವರದ್ದೂ ಏಕಾದಶಿಯೇ.

"ಇದ್ಯಾಕ ಉಣವಲ್ತು?"

"ಬೆಳಿಗ್ಗೆಯಿಂದ ಮುಟ್ಲಿಲ್ಲ. ನೀರೂ ಇಲ್ಲ."

ಪದ್ಮಾವತಿಬಾಯಿ ಬಗ್ಗಿ ಮರಿಯನ್ನು ನೋಡಿದರು. ಅದು ದೇವರ ಕೋಣೆಯ ಹೊಸ್ತಿಲಿನ ಆಚೆ, ಕಿವಿ ನೆಟ್ಟಗೆ ಮಾಡಿ ಕೂತಿತ್ತು.

"ವನಮಾಲಾಬಾಯಿ, ಇದು ಏಕಾದಶಿ ಮಾಡ್ಲಿಕ್ಹತ್ತದ ನೋಡ್ರಿ. ನಮ್ಮನಿಯವ್ರು ರಿಟೈರ್ ಆದ್ರೂ ಒಂದ್ ಏಕಾದಶಿ ಹಿಡದಿಲ್ಲ. ಇದರ ಕಾಲು ತೊಳದು ನೀರು ಅವರಿಗೆ ಕುಡಿಸಬೇಕು."

ಇಬ್ಬರೂ ನಕ್ಕರು. ನಗುತ್ತಲೇ ಪದ್ಮಾವತಿಬಾಯಿ ಕೈ ಮುಗಿದರು. ವನಮಾಲಕ್ಕನಿಗೆ ಮೈ ಝುಂ ಎಂದಿತು. ಹಿಂದಿನ ಜನ್ಮದಲ್ಲಿ ಯಾರೋ ಏನೋ. ವ್ರತದಲ್ಲಿ ಕೂತ ಜೀವದ ಮುಂದೆ ಅನ್ನ ಇಟ್ಟು ಆಸೆ ತೋರಿಸುವುದು ಬೇಡವೆಂದು ಅವರೇ ಬಟ್ಟಲು ಎತ್ತಿ ಒಳಗಿಟ್ಟರು. ಅವರು ಮಾಡಿದ ತಪ್ಪು ಅದು.

ಎರಡು ಗಂಟೆಗೆ, ಪದ್ಮಾವತಿಬಾಯಿ ತಮ್ಮ ಮನೆಗೆ ಹೋಗಿ ವನಮಾಲಕ್ಕ ಒಬ್ಬರೇ ತಾಳ ಹಿಡಿದು ಭಜನೆಗೆ ಕೂತಿದ್ದಾಗ, ಜೀರಾ ಎದ್ದು ನಾಲ್ಕು ಹೆಜ್ಜೆ ಇಟ್ಟಿತು. ಐದನೆಯದಕ್ಕೆ ಹಿಂಗಾಲು ಸೊಟ್ಟಗಾಗಿ ಪಕ್ಕಕ್ಕೆ ಬಿತ್ತು. ಏಳಲು ನೋಡಿ ಮತ್ತೆ ಬಿತ್ತು. ತಲೆ ತೂಗತೊಡಗಿತು. ವನಮಾಲಕ್ಕ ಕೂತಲ್ಲಿಂದಲೇ ತೆವಳಿ ಹೋಗಿ ಮುಟ್ಟಿದರೆ ಕಿವಿ ತಣ್ಣಗೆ, ಹೊಟ್ಟೆ ತಣ್ಣಗೆ. ಕಣ್ಣು ತೆರೆದೇ ಇತ್ತು, ಆದರೆ ಅವರನ್ನು ನೋಡುತ್ತಿರಲಿಲ್ಲ.

ಆ ಕಣ್ಣು ಅವರು ಕಂಡದ್ದೇ. ಆರು ವರ್ಷದ ಹಿಂದೆ, ಆಸ್ಪತ್ರೆಯ ಮಂಚದ ಮೇಲೆ.

"ಪದ್ಮಾವತಿಬಾಯಿ" ಎಂದು ಕರೆದರು. ಕೈಲಿದ್ದ ತಾಳದಿಂದ ಗೋಡೆಗೆ ಬಡಿದರು. ಬಡಿಯುತ್ತ ಫ್ರಿಜ್ಜಿನ ಕಾಗದದತ್ತ ನೋಡಿದರು: ಬಾಟಲಿ, ಬಾಯಿ. ಅಕ್ಷಯಾ ತಂದಿಟ್ಟ ಜೇನು ಎಲ್ಲಿದೆಯೋ ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ದೇವರ ಪೆಟ್ಟಿಗೆಯ ಪಕ್ಕದ್ದು, ನಾಳೆ ದ್ವಾದಶಿಯ ಪಂಚಾಮೃತಕ್ಕೆಂದು ಮಡಿಯಲ್ಲಿ ತೆಗೆದಿಟ್ಟ ಜೇನು. ಒಂದು ಕೈಯಲ್ಲಿ ಮರಿ ಹಿಡಿದೇ ಹೊಸ್ತಿಲು ದಾಟಿದರು. ಬೆರಳು ಅದ್ದಿ ತುಟಿ ಎತ್ತಿ ವಸಡಿಗೆ ಸವರಿದರು. ಅಕ್ಕಿಕಾಳಿನಂಥ ಹಲ್ಲು. ಇನ್ನೊಮ್ಮೆ. ಜೇನು ಅದರ ಮೂಗಿಗೂ ಹತ್ತಿತು.

ಪದ್ಮಾವತಿಬಾಯಿ ಓಡಿಬಂದು ಫೋನಿನಲ್ಲಿ ಮಗಳಿಗೆಂದು ಇಟ್ಟಿದ್ದ ಒಂದನೇ ಗುಂಡಿ ಒತ್ತಿ ವನಮಾಲಕ್ಕನ ಕಿವಿಗೆ ಹಿಡಿದರು. ಅತ್ತಲಿಂದ ಅಕ್ಷಯಾ.

"ನಾನು ಕೊಂದೆ ಕಾಣ್ತದೆ, ಅಕ್ಷಯಾ" ಎಂದರು ವನಮಾಲಕ್ಕ.

"ಅಮ್ಮ, ಜೇನು ಹಚ್ಚಿದ್ಯಾ? ಅದನ್ನು ಬಟ್ಟೆಯಲ್ಲಿ ಸುತ್ತು. ಡಾಕ್ಟರಿಗೆ ನಾನು ಹೇಳ್ತೇನೆ, ಅವರು ನಿನಗೆ ಫೋನ್ ಮಾಡ್ತಾರೆ. ಫೋನ್ ಇಡು."

ನಾಯಿಯ ಡಾಕ್ಟರ್ ಸುನಿಲ ಪಕ್ಕದ ಊರು ಕಲ್ಯಾಣದಲ್ಲಿದ್ದರು. ಮರಾಠಿಯಲ್ಲಿ ನಿಧಾನವಾಗಿ ಹೇಳಿದರು: "ಆಜಿ, ನಾನು ಹೊರಟೆ, ಮುಕ್ಕಾಲು ಗಂಟೆ ಬೇಕು. ಜೇನಿನ ಶಕ್ತಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ತಲೆ ಎತ್ತಿದ ಕೂಡಲೇ ಊಟ ಹೊಟ್ಟೆಗೆ ಹೋಗಬೇಕು. ಬಾಯಿಗೆ ತುರುಕಬೇಡಿ, ಶ್ವಾಸಕ್ಕೆ ಹೋದರೆ ಮುಗಿಯಿತು. ತಾನಾಗಿ ತಿನ್ನಬೇಕು."

ಹತ್ತು ನಿಮಿಷಕ್ಕೆ ಮರಿ ತಲೆ ಎತ್ತಿತು. ಬಟ್ಟಲು ಮುಂದಿಟ್ಟರು. ಮೂಸಿತು. ವನಮಾಲಕ್ಕನ ಬಾಯನ್ನು ನೋಡಿತು.

ಆಗ ಅವರಿಗೆ ಗೊತ್ತಾಯಿತು. ಅದು ವ್ರತ ಹಿಡಿದಿರಲಿಲ್ಲ. ಬೆಳಿಗ್ಗೆ ಏಳರಿಂದ ಅವರು ಉಣ್ಣಲಿ ಎಂದು ಕಾಯುತ್ತಿತ್ತು.

"ಸುಳ್ಳ ತಾಟು ಇಟ್ಕೊಂಡು ಬಾಯಿ ಆಡಸ್ರಿ" ಎಂದರು ಪದ್ಮಾವತಿಬಾಯಿ. ವನಮಾಲಕ್ಕ ಬರಿ ತಟ್ಟೆ ಇಟ್ಟುಕೊಂಡು ಬಾಯಿ ಅಲ್ಲಾಡಿಸಿದರು. ಜೀರಾ ಕತ್ತು ಚಾಚಿ ತಟ್ಟೆ ಮೂಸಿತು. ಏನೂ ಇಲ್ಲ. ಗಲ್ಲ ನೆಲಕ್ಕಿಟ್ಟು ಮಲಗಿತು. ಅದರ ಪಕ್ಕೆ ಮತ್ತೆ ನಡುಗಲು ಶುರುವಾಯಿತು.

"ಅವಲಕ್ಕಿ ಡಬ್ಬಿ ಮೇಲಿನ ಗೂಡಲ್ಲಿ ಉಂಟು. ಮೊಸರು ಫ್ರಿಜ್ಜಲ್ಲಿ" ಎಂದರು ವನಮಾಲಕ್ಕ.

ಪದ್ಮಾವತಿಬಾಯಿ ಕದಲಲಿಲ್ಲ. "ಹರಿದಿನರೀ ಇವತ್ತು."

"ಗೊತ್ತುಂಟು."

"ನಲವತ್ತೆಂಟು ವರ್ಷದ್ದು, ನೀವೇ ಹೇಳೀರಿ."

"ನಲವತ್ತೊಂಬತ್ತು. ಬೇಗ ಕಲಸಿ ಕೊಡಿ ಮಾರಾಯ್ತಿ, ನನಗೆ ಇದನ್ನು ಬಿಟ್ಟು ಏಳ್ಲಿಕ್ಕೆ ಧೈರ್ಯ ಇಲ್ಲ."

ಪದ್ಮಾವತಿಬಾಯಿ ಕಲಸಿಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು. ವನಮಾಲಕ್ಕ ದೇವರ ಕೋಣೆಯತ್ತ ನೋಡಲಿಲ್ಲ. ನೋಡಿದರೆ ಕೈ ನಿಂತೀತೆಂಬ ಹೆದರಿಕೆ. ತುತ್ತು ಬಾಯಿಗಿಟ್ಟರು. ಒಣಗಿದ ಗಂಟಲಲ್ಲಿ ಅದು ಇಳಿಯಲೊಲ್ಲದು. ಒತ್ತಿ ನುಂಗಿದರು. ಜೀರಾ ಗಂಟಲನ್ನೇ ನೋಡುತ್ತಿತ್ತು. ಎರಡನೇ ತುತ್ತು ನುಂಗಿದ ಮೇಲೆ ಅದು ಮುಂಗಾಲೂರಿ, ತೂಗಾಡುತ್ತ ಎದ್ದು, ಬಟ್ಟಲಿಗೆ ಮೂತಿ ಹಾಕಿತು.

ಕಂಪನಿಯೊಂದರ ಮೂರು ಗಂಟೆಯ ಪಾಳಿಯ ಭೋಂಗಾ ಕೂಗುವಾಗ ಬಟ್ಟಲು ಖಾಲಿಯಾಗಿತ್ತು, ತಟ್ಟೆಯೂ. ಡಾಕ್ಟರು ಬಂದು ಸೂಜಿಯ ತುದಿಯಷ್ಟು ರಕ್ತ ತೆಗೆದು ನೋಡಿ, ಇನ್ನು ಭಯವಿಲ್ಲ, ಇನ್ನೊಂದರ್ಧ ಗಂಟೆ ತಡವಾಗಿದ್ದರೆ ತಾನು ಬಂದೂ ಫಲವಿರಲಿಲ್ಲ ಎಂದರು. ವನಮಾಲಕ್ಕನಿಗೆ ಎರಡನೆಯ ಮಾತು ಮಾತ್ರ ಕಿವಿಗೆ ಬಿತ್ತು.

ಅಕ್ಷಯಾ ಐದಕ್ಕೇ ಬಂದಳು. ಚಪ್ಪಲಿ ಬಿಡದೆ ಒಳಗೆ ಬಂದು ಮರಿಯನ್ನು ಎತ್ತಿಕೊಂಡಳು. ಆಮೇಲೆ ತೊಳೆಯದೆ ಬಿದ್ದಿದ್ದ ತಟ್ಟೆ ಕಂಡಳು, ಅದರ ಅಂಚಿಗೆ ಹತ್ತಿದ ಅವಲಕ್ಕಿ ಕಂಡಳು.

"ಅಮ್ಮ, ನೀನು ತಿಂದ್ಯಾ? ಇವತ್ತು?"

"ಏಳಕ್ಕೆ ಇನ್ನೊಮ್ಮೆ ತಿನ್ಲಿಕ್ಕುಂಟು" ಎಂದರು ವನಮಾಲಕ್ಕ. "ಬರುವ ಏಕಾದಶಿ ಮಂಗಳವಾರ. ನೀನು ರಜೆ ಹಾಕು."

"ರಜೆ ಸಿಗದಿದ್ರೆ?"

"ಸಿಗದಿದ್ರೆ ಆ ದಿನವೂ ನಾನೇ ಉಣ್ತೇನೆ. ದೇವರ ಹತ್ರ ಬೈಸಿಕೊಂಡೇನು. ಆ ಕಣ್ಣು ಇನ್ನೊಮ್ಮೆ ನೋಡ್ಲಿಕ್ಕೆ ನನ್ನಿಂದಾಗುದಿಲ್ಲ."

ಏಳಕ್ಕೆ ತಟ್ಟೆ ತರಲು ಎದ್ದರು. ಜೀರಾ ಮಗಳ ಮಡಿಲಲ್ಲಿಯೇ ಇತ್ತು, ಕಣ್ಣೆದುರಿಗೇ. ಆದರೂ ವನಮಾಲಕ್ಕ ಪಾದ ಎಳೆಯುತ್ತಲೇ ಒಳಗೆ ಹೋದರು.